‘ನನ್ನ ಹೆಸರು ಹಾಕಬೇಡಿ’ ಎಂದ ಡೊಂಬಿವಲಿಯ ಓದುಗರಿಗೆ

ಪ್ರಶ್ನೆ: ನಾನು ಡೊಂಬಿವಲಿ ಈಸ್ಟಿನಲ್ಲಿರುವವಳು. ಊರು ಕುಂದಾಪುರದ ಕಡೆ. ಬ್ಯಾಂಕಿನಲ್ಲಿ ಕೆಲಸ, ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ಘಾಟ್ಕೋಪರಿಗೆ ಹೋಗುತ್ತೇನೆ. ಯಜಮಾನರು ಹಡಗಿನಲ್ಲಿದ್ದಾರೆ, ವರ್ಷದಲ್ಲಿ ಅರ್ಧದಷ್ಟು ದಿನ ಮನೆಯಲ್ಲಿ ನಾನು, ಅತ್ತೆ, ಮೂರನೇ ಕ್ಲಾಸಿನ ಮಗಳು ಅಷ್ಟೆ. ಕನ್ನಡದಲ್ಲಿ ಬರೆಯುವ ಹುಚ್ಚು ಮೊದಲಿನಿಂದಲೂ ಇದೆ. ಟ್ರೇನಿನ ಕಥೆ, ಅತ್ತೆಯ ಅಡುಗೆ, ಊರಿನ ನೆನಪು ಇವನ್ನೆಲ್ಲ ನನ್ನದೇ ಬ್ಲಾಗ್ ಕಟ್ಟಿ ಬರೆಯಬೇಕೆಂದು ಯೂಟ್ಯೂಬ್ ನೋಡಿ, ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಲಿಯುತ್ತಿದ್ದೇನೆ. ಒಂದು ಪುಟ ತಯಾರಾಗಿದೆ. ಆದರೆ ಹೆದರಿಕೆ. ಆಫೀಸಿನವರು, ಸೊಸೈಟಿಯವರು ಓದಿದರೆ? ಯಾರಾದರೂ ವಿಳಾಸ ಹುಡುಕಿಕೊಂಡು ಬಂದರೆ? ಹೆಸರು ಹಾಕದೆ ಬರೆದರೆ ಸಾಕೆ? ಸ್ವಂತ ಡೊಮೇನ್, ಅಂದರೆ ನನ್ನದೇ ವೆಬ್ ವಿಳಾಸ, ತಗೊಳ್ಳಲೆ, ಪುಕ್ಕಟೆ ಸಿಗುವಲ್ಲಿ ಬರೆಯಲೆ? ಫೋಟೊ ಹಾಕಬಹುದೆ? ಕೊನೆಗೊಂದು ಪೆದ್ದು ಪ್ರಶ್ನೆ: ಅತ್ತೆಗೆ ಹೇಳಬೇಕೆ? ಮಾದರಿಗೆ ಒಂದು ಫೋಟೊ ಕಳಿಸಿದ್ದೇನೆ. ದಯವಿಟ್ಟು ನನ್ನ ಹೆಸರು ಹಾಕಬೇಡಿ.
ಹೆಸರು ಬೇಡ, ಡೊಂಬಿವಲಿ

ಉತ್ತರ: ಹೆಸರು ಹಾಕಿಲ್ಲ, ಅದು ಸುಲಭದ ಕೆಲಸ. ಆದರೆ ನಿಮ್ಮ ಪತ್ರವನ್ನು ಇದ್ದ ಹಾಗೇ ಹಾಕಿದ್ದರೆ ಮರುದಿನ ನಿಮ್ಮ ಲೇಡೀಸ್ ಡಬ್ಬಾದಲ್ಲೇ ಯಾರಾದರೂ ‘ಇದು ನೀವೇ ಅಲ್ವಾ?’ ಎಂದು ಕೇಳುತ್ತಿದ್ದರು. ಮೂಲ ಪತ್ರದಲ್ಲಿ ಟ್ರೇನಿನ ಸಮಯ ಇತ್ತು, ಬ್ಯಾಂಕಿನ ಹೆಸರಿತ್ತು, ಮಗಳ ಶಾಲೆಯ ಹೆಸರಿತ್ತು, ಊರು ಯಾವ ಹೊಳೆಯ ಯಾವ ದಡದಲ್ಲಿದೆ ಎಂಬುದೂ ಇತ್ತು. ಅವನ್ನೆಲ್ಲ ತೆಗೆದಿದ್ದೇನೆ. ಉಳಿದದ್ದರಲ್ಲಿ ಎರಡು ವಿವರ ಬದಲಿಸಿದ್ದೇನೆ. ಯಾವ ಎರಡು ಎಂಬುದು ನಿಮಗೆ ಗೊತ್ತಾಗುತ್ತದೆ, ಬೇರೆಯವರಿಗೆ ಗೊತ್ತಾಗುವುದು ಬೇಡ.

ಡೊಂಬಿವಲಿಯಲ್ಲಿ ಲಕ್ಷಗಟ್ಟಲೆ ಜನ. ಅವರಲ್ಲಿ ಕನ್ನಡಿಗರು, ಅವರಲ್ಲಿ ಕುಂದಾಪುರ ಕಡೆಯವರು, ಅವರಲ್ಲಿ ಬ್ಯಾಂಕಿಗೆ ಹೋಗುವ ಹೆಂಗಸರು, ಅವರಲ್ಲಿ ಗಂಡ ಹಡಗಿನಲ್ಲಿರುವವರು. ಹೀಗೆ ಜರಡಿ ಹಿಡಿಯುತ್ತ ಹೋದರೆ ಕೊನೆಗೆ ಜರಡಿಯಲ್ಲಿ ಉಳಿಯುವುದು ಒಬ್ಬರೇ. ಅಮೆರಿಕದ ಲಟಾನ್ಯಾ ಸ್ವೀನಿ ಎಂಬ ವಿಜ್ಞಾನಿ 2000ದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅಂಚೆ ಪಿನ್ ಕೋಡ್, ಹುಟ್ಟಿದ ದಿನಾಂಕ, ಹೆಣ್ಣೋ ಗಂಡೋ ಈ ಮೂರೇ ಸಂಗತಿ ಗೊತ್ತಿದ್ದರೆ ಆ ದೇಶದ ಶೇಕಡ 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಬೇರ್ಪಡಿಸಬಹುದು ಎಂದು. ಹೆಸರು ಆ ಮೂರರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ‘ಹೆಸರು ಹಾಕದಿದ್ದರೆ ಸಾಕೆ’ ಎಂಬುದಕ್ಕೆ ನೇರ ಉತ್ತರ: ಸಾಲದು.

ಹಾಗಂತ ಬರೆಯಬೇಡಿ ಎನ್ನುತ್ತಿಲ್ಲ. ಯಾರ ಕಣ್ಣಿಗೆ ಬೀಳಬಾರದು ಎಂಬುದನ್ನು ಮೊದಲು ನಿರ್ಧರಿಸಿ ಎನ್ನುತ್ತಿದ್ದೇನೆ. ನನಗೆ ಬರುವ ಇಂಥ ಪತ್ರಗಳಲ್ಲಿ ಮುಕ್ಕಾಲು ಪಾಲಿನಲ್ಲಿ ‘ಹ್ಯಾಕರ್’ ಎಂಬ ಶಬ್ದ ಇರುತ್ತದೆ. ನಿಮ್ಮದರಲ್ಲಿ ಇಲ್ಲ, ಅದಕ್ಕೇ ಉದ್ದ ಉತ್ತರ ಬರೆಯುತ್ತಿದ್ದೇನೆ. ನಿಮ್ಮ ಹೆದರಿಕೆ ಸರಿಯಾದ ಕಡೆಗೇ ಇದೆ: ಗುರುತಿನವರು. ಮುಂಬಯಿಯಲ್ಲಿ ಕನ್ನಡ ಓದುವವರ ಲೋಕ ಚಿಕ್ಕದು. ಮಾಟುಂಗಾದಲ್ಲಿ ಹೇಳಿದ್ದು ಸಂಜೆಯೊಳಗೆ ಡೊಂಬಿವಲಿ ತಲುಪುತ್ತದೆ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದಿದ್ದರೆ ನಿಮಗೆ ಜನಸಾಗರದ ಮರೆ ಇರುತ್ತಿತ್ತು. ಕನ್ನಡದಲ್ಲಿ ಬರೆಯುವ ನಿರ್ಧಾರ ಮಾಡಿದ ಕೂಡಲೇ ಆ ಮರೆಯ ಹೆಚ್ಚಿನ ಭಾಗ ಹೋಯಿತು.

ನನ್ನದೇ ಕಥೆ ಹೇಳುತ್ತೇನೆ. ವೆಬ್‌ಸೈಟ್ ನಡೆಸುವ ಸರ್ವರುಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು, ಪುಣೆಯಲ್ಲಿ ಇಪ್ಪತ್ತು ವರ್ಷದ ಮೇಲಾಯಿತು. ಕೋಥ್ರೂಡಿನ ನಮ್ಮ ಸೊಸೈಟಿಯಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರಿನ ಬಿಲ್ಲಿನ ಜಗಳ. ಅದರ ಬಗ್ಗೆ ಒಂದು ತಮಾಷೆ ಬರಹವನ್ನು ಬೇರೆ ಹೆಸರಿನಲ್ಲಿ ಬರೆದೆ. ತಾಂತ್ರಿಕವಾಗಿ ಎಲ್ಲ ಬಂದೋಬಸ್ತು: ಹೊಸ ಇಮೇಲ್, ಬೇರೆ ಖಾತೆ, ಊರಿನ ಹೆಸರಿಲ್ಲ, ಪುಣೆ ಎಂಬ ಶಬ್ದವೇ ಇಲ್ಲ. ಎರಡು ವಾರ ಕಳೆದಿರಬೇಕು. ಲಿಫ್ಟಿನಲ್ಲಿ ಮೇಲಿನ ಮಹಡಿಯ ಗದಗಿನ ಹಿರಿಯರು ಸಿಕ್ಕರು. ‘ಸರ, ನಿಮ್ಮ ತೂತ ಗಡಿಗಿ ಲೆಕ್ಕಾ ಓದಿದೆ. ಭಾಳ ಚೊಲೊ ಬರ್ದೀರಿ’ ಎಂದರು. ‘ತೂತು ಗಡಿಗಿ ಲೆಕ್ಕ’ ಎಂಬುದು ನನ್ನ ಅಜ್ಜಿಯ ಮಾತು. ಸೊಸೈಟಿ ಮೀಟಿಂಗಿನಲ್ಲಿ ನೀರಿನ ಬಿಲ್ಲು ಬಂದಾಗಲೆಲ್ಲ ನಾನು ಅದನ್ನು ಹೇಳುತ್ತೇನಂತೆ. ನನಗೆ ಗೊತ್ತೇ ಇರಲಿಲ್ಲ. ಪುಣ್ಯಕ್ಕೆ ಅವರು ಯಾರಿಗೂ ಹೇಳಲಿಲ್ಲ, ಅಥವಾ ನನಗೆ ಹಾಗೆ ಹೇಳಿದರು.

ನಿಮ್ಮ ಭಾಷೆಯೂ ಹಾಗೇ. ಕುಂದಾಪ್ರ ಕನ್ನಡದ ‘ಹೋಯ್ಕ್, ಬರ್ಕ್’ ಒಂದು ಸಾಲಿನಲ್ಲಿ ಬಂದರೂ ಊರು ತಿಳಿಯಿತು. ಅದನ್ನು ತೆಗೆದು ಪಠ್ಯಪುಸ್ತಕದ ಕನ್ನಡದಲ್ಲಿ ಬರೆಯಿರಿ ಎಂದು ನಾನು ಸಾಯಲಿಕ್ಕೂ ಹೇಳುವವನಲ್ಲ. ಹಾಗೆ ಬರೆದರೆ ಆ ಬ್ಲಾಗ್ ಯಾಕೆ ಬೇಕು? ಭಾಷೆಯನ್ನು ಇಟ್ಟುಕೊಳ್ಳಿ, ಬೇರೆಯದನ್ನು ಬಿಟ್ಟುಕೊಡಿ. ಊರು ತಿಳಿದರೆ ತಿಳಿಯಲಿ, ಬ್ಯಾಂಕು ತಿಳಿಯುವುದು ಬೇಡ. ಗಂಡನ ಉದ್ಯೋಗವನ್ನಂತೂ ಬರೆಯಲೇಬೇಡಿ, ಏಕೆಂದರೆ ‘ಈ ತಿಂಗಳಿನಿಂದ ಆ ತಿಂಗಳವರೆಗೆ ಮನೆಯಲ್ಲಿ ಇಬ್ಬರು ಹೆಂಗಸರು, ಒಂದು ಮಗು’ ಎಂದು ಊರಿಗೇ ಬೋರ್ಡು ಹಾಕಿದಂತೆ. ಅವರನ್ನು ‘ಊರೂರು ತಿರುಗುವ ಕೆಲಸದವರು’ ಎಂದರೆ ಕಥೆಗೆ ಏನೂ ನಷ್ಟವಿಲ್ಲ. ಟ್ರೇನಿನ ಕಥೆಯಲ್ಲಿ ಸಮಯ, ಸ್ಟೇಷನ್ ಎರಡೂ ನಿಜವೇ ಆಗಿರಬೇಕೆಂದಿಲ್ಲ. ಇವತ್ತು ಕಂಡದ್ದನ್ನು ಇವತ್ತೇ ಹಾಕುವ ಅವಸರವೂ ಬೇಡ. ನಾನು ಹದಿನೈದು ದಿನ ಹಳಸಲು ಬಿಡುತ್ತೇನೆ. ಊರಿಗೆ ಹೊರಟ ಸುದ್ದಿಯನ್ನು ಊರಿಂದ ತಿರುಗಿ ಬಂದ ಮೇಲೆ ಬರೆಯಿರಿ.

ಈಗ ನಿಮ್ಮ ಫೋಟೊ. ಇಮೇಲಿಗೆ ಲಗತ್ತಿಸಿದ ಅರಿಸಿನ ಎಲೆ ಕಡುಬಿನ ಚಿತ್ರ. ಕಡುಬು ಚೆನ್ನಾಗಿ ಬಂದಿದೆ, ಎಲೆಯ ಗೆರೆ ಹಿಟ್ಟಿನ ಮೇಲೆ ಹಾಗೇ ಮೂಡಿದೆ. ಆದರೆ ನಾನು ಫೋಟೊದ ‘ವಿವರ’ ತೆರೆದು ನೋಡಿದೆ. ಯಾವ ಫೋನು, ಯಾವ ದಿನ, ಎಷ್ಟು ಗಂಟೆ, ಎಷ್ಟು ನಿಮಿಷ, ಮತ್ತು ಅಕ್ಷಾಂಶ ರೇಖಾಂಶ. ಇದಕ್ಕೆ ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇದ್ದರೆ ಫೋನು ಪ್ರತಿ ಚಿತ್ರದ ಒಳಗೂ ಇದನ್ನು ಬರೆದಿಡುತ್ತದೆ. ಅಕ್ಷಾಂಶದಲ್ಲಿ ದಶಮಾಂಶ ಚುಕ್ಕಿಯ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರಿನಷ್ಟು ನಿಖರ, ಐದಿದ್ದರೆ ಒಂದು ಮೀಟರಿನ ಆಸುಪಾಸು. ಅಂಕಿಗಳನ್ನು ನಕಾಶೆಗೆ ಹಾಕಿದರೆ ಒಂದು ಕಟ್ಟಡದ ಮೇಲೆ ಸೂಜಿ ನಿಂತಿತು. ಅಲ್ಲಿಗೇ ಮುಚ್ಚಿದೆ, ಫೋಟೊ ಅಳಿಸಿದೆ.

ಅಳಿಸುವ ಮೊದಲು ಚಿತ್ರವನ್ನೇ ಸ್ವಲ್ಪ ದೊಡ್ಡದು ಮಾಡಿ ನೋಡಿದ್ದೆ. ಇಡ್ಲಿ ಪಾತ್ರೆಯ ಹಿಂದೆ ಗೋಡೆಯ ಮೇಲೆ ಒಂದು ಸಂಘದ ಕ್ಯಾಲೆಂಡರ್. ಬಲಗಡೆ ಮೂಲೆಯಲ್ಲಿ, ತೆಂಗಿನಕಾಯಿ ತುರಿದ ತಟ್ಟೆಯ ಕೆಳಗೆ, ಕಂದು ಕಾಗದದ ಬೈಂಡು ಹಾಕಿದ ನೋಟ್‌ಬುಕ್ಕು; ಅದರ ಲೇಬಲ್ಲಿನ ಮೇಲೆ ಮಗುವಿನ ಹೆಸರು, ತರಗತಿ, ವಿಭಾಗ. ಇದನ್ನು ಯಾವ ಸಾಫ್ಟ್‌ವೇರೂ ನೀವು ಹೇಳದೆ ಅಳಿಸಿಕೊಡುವುದಿಲ್ಲ. ಎಕ್ಸಿಫ್ ತೆಗೆಯುವುದು ಅದಕ್ಕಿಂತ ಸುಲಭ: ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಬಂದ್ ಮಾಡಿ. ಹಳೆಯ ಫೋಟೊ ಆದರೆ ಅದನ್ನು ಪರದೆಯ ಮೇಲೆ ತೆರೆದು ಸ್ಕ್ರೀನ್‌ಶಾಟ್ ತೆಗೆದು, ಆ ಸ್ಕ್ರೀನ್‌ಶಾಟನ್ನು ಹಾಕಿ. ಜಾಗದ ಗುರುತು ಅದಕ್ಕೆ ದಾಟುವುದಿಲ್ಲ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಈ ಮಾಹಿತಿ ಕಳಚಿ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಉಳಿಯುತ್ತದೆ. ಹಿನ್ನೆಲೆಗೆ ಮಾತ್ರ ನಿಮ್ಮ ಕಣ್ಣೇ ಗತಿ. ಕಿಟಕಿಯಾಚೆಯ ಕಟ್ಟಡ, ಬಾಗಿಲಿನ ನಾಮಫಲಕ, ಶಾಲೆಯ ಸಮವಸ್ತ್ರ, ಕುತ್ತಿಗೆಯ ಐಡಿ ಕಾರ್ಡು, ಸೊಸೈಟಿಯ ಗೇಟು. ಅಡುಗೆಯ ಚಿತ್ರವಾದರೆ ತಟ್ಟೆಯನ್ನು ನೆಲದ ಮೇಲಿಟ್ಟು ಮೇಲಿನಿಂದ ತೆಗೆಯಿರಿ. ಎಲೆ, ಕಡುಬು, ನೆಲದ ಟೈಲ್ಸು, ಮುಗಿಯಿತು.

ಇನ್ನು ಕಟ್ಟುವ ಕೆಲಸ. ಇಲ್ಲಿ ನಾನು ಒಂದೇ ಲೆಕ್ಕ ಹಿಡಿಯುತ್ತೇನೆ: ಆಮೇಲೆ ತಿದ್ದಲು ಬರುವುದು ಯಾವುದು, ಬಾರದ್ದು ಯಾವುದು. ಬಣ್ಣ, ವಿನ್ಯಾಸ, ಅಕ್ಷರದ ಗಾತ್ರ ಇವನ್ನು ನಾಳೆ ಬದಲಿಸಬಹುದು. ಜನ ಇವುಗಳ ಮೇಲೇ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ತಿದ್ದಲಾಗದ್ದನ್ನು ಮೊದಲ ದಿನ ಐದು ನಿಮಿಷದಲ್ಲಿ ಕೈಬೀಸಿ ಮಾಡಿಬಿಡುತ್ತಾರೆ: ಯಾವ ಇಮೇಲಿನಿಂದ ಖಾತೆ ತೆರೆದೆ, ಯಾವ ಹೆಸರು ತುಂಬಿದೆ, ಡೊಮೇನಿಗೆ ಯಾವ ವಿಳಾಸ ಕೊಟ್ಟೆ.

ಆದ್ದರಿಂದ ಮೊದಲು ಒಂದು ಹೊಸ ಇಮೇಲ್. ಬ್ಯಾಂಕ್, ಆಧಾರ್, ಶಾಲೆ, ಯಾವುದಕ್ಕೂ ಕೊಡದ, ಬ್ಲಾಗಿಗೆ ಮಾತ್ರ ಮೀಸಲಾದ ಇಮೇಲ್. ಅದಕ್ಕೆ ಬಲವಾದ ಪಾಸ್‌ವರ್ಡ್, ಎರಡು ಹಂತದ ದೃಢೀಕರಣ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲನ್ನೂ ಬರೆಯಬೇಡಿ, ಊಟದ ಬಿಡುವಿನಲ್ಲೂ. ಆ ಯಂತ್ರ ಬ್ಯಾಂಕಿನದು, ಅದರಲ್ಲಿ ನಡೆಯುವುದನ್ನು ನೋಡುವ ವ್ಯವಸ್ಥೆ ಇರುತ್ತದೆ. ಇನ್ನೊಂದು ಕಾರಣ: ವರ್ಡ್ ಫೈಲು, ಪಿಡಿಎಫ್‌ಗಳ ಒಳಗೆ ‘ಲೇಖಕ’ ಎಂಬ ಜಾಗದಲ್ಲಿ ಯಂತ್ರದಲ್ಲಿ ನೋಂದಾದ ಹೆಸರು ತಾನೇ ಕೂತಿರುತ್ತದೆ. ಗುಪ್ತನಾಮದ ಕವನ ಸಂಕಲನವೊಂದು ನನ್ನ ಕೈಗೆ ಪಿಡಿಎಫ್ ಆಗಿ ಬಂದಾಗ ಕವಿಯ ಪೂರ್ಣ ಹೆಸರು, ಕಂಪನಿಯ ಹೆಸರಿನ ಸಮೇತ, ಅದರ ಗುಣಲಕ್ಷಣಗಳಲ್ಲಿ ರಾರಾಜಿಸುತ್ತಿತ್ತು.

ಆಮೇಲೆ ಕಾವ್ಯನಾಮ. ಇದು ನಮಗೆ ಹೊಸದೇನಲ್ಲ. ಆದರೆ ಎಲ್ಲ ಕಾವ್ಯನಾಮವೂ ಮುಚ್ಚುವುದಕ್ಕಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ದ.ರಾ. ಬೇಂದ್ರೆಯವರ ಕಾವ್ಯನಾಮವನ್ನೇ ಬಿಡಿಸಿ ನೋಡಿ: ಅಂಬಿಕೆಯ ತನಯ ದತ್ತ. ತಾಯಿಯ ಹೆಸರು, ತಮ್ಮ ಹೆಸರು, ಸಂಬಂಧ ಮೂರೂ ಅದರಲ್ಲೇ ಇವೆ. ಅವರಿಗೆ ಬೇಕಾಗಿದ್ದದ್ದು ಮರೆ ಅಲ್ಲ. ನೀವು ಬ್ಯಾಂಕಿನವರು, ‘ತಾಯಿಯ ಹೆಸರೇನು’ ಎಂದು ಫೋನಿನಲ್ಲಿ ಯಾಕೆ ಕೇಳುತ್ತಾರೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಊರಿನ ನೆನಪು ಬರೆಯುವಾಗ ಇದು ತಲೆಯಲ್ಲಿರಲಿ. ತಾಯಿಯ ಹೆಸರು, ಹುಟ್ಟಿದ ದಿನ, ಮೊದಲ ಶಾಲೆ, ಸಾಕಿದ ನಾಯಿಯ ಹೆಸರು ಇವು ನೆನಪಿನ ಬರಹದ ಜೀವಾಳ, ಪಾಸ್‌ವರ್ಡ್ ಮರೆತಾಗ ಕೇಳುವ ಪ್ರಶ್ನೆಗಳಿಗೆ ಉತ್ತರವೂ ಅವೇ. ನಾಯಿಗೆ ಬೇರೆ ಹೆಸರಿಡಿ. ಅದು ಬೇಸರಪಡುವುದಿಲ್ಲ. ಮತ್ತು ಕಾವ್ಯನಾಮ ಇನ್‌ಸ್ಟಾಗ್ರಾಮಿನಲ್ಲೋ ಹಳೆಯ ಆರ್ಕುಟ್ ಕಾಲದಲ್ಲೋ ನೀವು ಬಳಸಿದ ಅಡ್ಡಹೆಸರಾಗಿರಬಾರದು. ಆಯ್ದ ಹೆಸರನ್ನು ಗೂಗಲಿನಲ್ಲಿ ಒಮ್ಮೆ ಹುಡುಕಿ ನೋಡಿ.

ಎಚ್‌ಟಿಎಂಎಲ್ ಕಲಿಯುತ್ತಿದ್ದೀರಿ ಎಂದದ್ದು ಓದಿ ಖುಷಿಯಾಯಿತು. ಬಿಡಬೇಡಿ. ಕೈಯಾರೆ ಬರೆದ ಸಾದಾ ಪುಟಗಳಿಗೆ ಲಾಗಿನ್ ಇಲ್ಲ, ಮಾಹಿತಿ ತುಂಬಿಡುವ ಡೇಟಾಬೇಸ್ ಇಲ್ಲ, ಹೊರಗಿನಿಂದ ಸೇರಿಸುವ ಪ್ಲಗಿನ್ ಇಲ್ಲ. ಸೋರಲು ಜಾಗವೇ ಕಡಿಮೆ. ಬ್ಲಾಗ್ ಕಟ್ಟಿಕೊಡುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್ ಒಳ್ಳೆಯದೇ, 2003ರಿಂದ ಇದೆ, ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದೂ ಅದೇ. ಆದರೆ ಅದನ್ನು ಸ್ವಂತ ಸರ್ವರಿನಲ್ಲಿ ಕೂರಿಸಿ ಹಾಗೇ ಬಿಟ್ಟರೆ ಲೇಖಕರ ಬಳಕೆದಾರ ಹೆಸರನ್ನು ಹೊರಗಿನವರು ಒಂದು ಸಾದಾ ವಿಳಾಸ ಒತ್ತಿ ತಿಳಿದುಕೊಳ್ಳಬಹುದು. ಖಾತೆ ತೆರೆಯುವಾಗ ಅಲ್ಲಿ ನಿಜ ಹೆಸರು ಕೊಟ್ಟು, ಮುಖಪುಟದಲ್ಲಿ ಮಾತ್ರ ಕಾವ್ಯನಾಮ ತೋರಿಸುವವರು ಬಹಳ ಜನ. ನಿಮ್ಮಂಥ ಬರಹಕ್ಕೆ ಅಷ್ಟು ದೊಡ್ಡ ಯಂತ್ರ ಬೇಕಾಗಿಲ್ಲ. ಕನ್ನಡಕ್ಕೆ ಬೇಕಾದದ್ದು ಎರಡೇ: ಪುಟದ ತಲೆಯಲ್ಲಿ ಯುಟಿಎಫ್-8 ಎಂಬ ಅಕ್ಷರ ಸಂಕೇತವನ್ನು ಹೇಳುವ ಸಾಲು, ಭಾಷೆ ಕನ್ನಡ ಎಂದು ಹೇಳುವ ಗುರುತು. ಮೊದಲನೆಯದು ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಕಸ ಕಾಣುತ್ತದೆ. ಹಳೆಯ ‘ನುಡಿ’, ‘ಬರಹ’ ಸಾಫ್ಟ್‌ವೇರುಗಳ ಆಸ್ಕಿ ಫಾಂಟಿನಲ್ಲಿ ಬೆರಳಚ್ಚಿಸಿದ್ದಾದರೆ ಎಲ್ಲ ಕಡೆ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಿಕೊಂಡೇ ಹಾಕಬೇಕು.

ಆ ಪುಟಗಳನ್ನು ಎಲ್ಲಿಡಬೇಕು? ನಿಮ್ಮ ಯೂಟ್ಯೂಬ್ ಗುರುಗಳು ಗಿಟ್‌ಹಬ್ ಪೇಜಸ್ ಎಂದೇ ಹೇಳಿಕೊಟ್ಟಿರುತ್ತಾರೆ. ಅದು ಪುಟಗಳನ್ನು ಇಟ್ಟು ತೋರಿಸುವ ಜಾಗ: ಪುಕ್ಕಟೆ, ಗಟ್ಟಿ, ಜಾಹೀರಾತಿಲ್ಲ. ಆದರೆ ಒಂದು ಕಡೆ ಕಾಲು ಜಾರುತ್ತದೆ. ಅದರ ಹಿಂದೆ ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಎಂಬ ಸಾಧನ ಇದೆ. ಅದನ್ನು ಶುರು ಮಾಡುವಾಗ ಹೆಸರು, ಇಮೇಲ್ ಕೇಳುತ್ತದೆ. ವಿಡಿಯೊದಲ್ಲಿ ‘ಇಲ್ಲಿ ನಿಮ್ಮ ಹೆಸರು ಟೈಪ್ ಮಾಡಿ’ ಎನ್ನುತ್ತಾರೆ. ನಾವು ಒಳ್ಳೆ ಹುಡುಗರ ಹಾಗೆ ಟೈಪ್ ಮಾಡುತ್ತೇವೆ. ಅಲ್ಲಿಂದ ಮುಂದೆ ಪ್ರತಿ ಸಲ ಉಳಿಸಿದಾಗಲೂ ಆ ಹೆಸರು, ಆ ಇಮೇಲ್, ದಿನಾಂಕ, ಗಂಟೆ ಮುದ್ರೆಯ ಹಾಗೆ ಬೀಳುತ್ತ ಹೋಗುತ್ತದೆ. ಗಿಟ್‌ಹಬ್ಬಿನ ಪುಕ್ಕಟೆ ಖಾತೆಯಲ್ಲಿ ಪೇಜಸ್ ಬೇಕೆಂದರೆ ಕಡತಗಳ ಕೋಶ ಸಾರ್ವಜನಿಕವಾಗಿರಲೇಬೇಕು. ಅಂದರೆ ಬ್ಲಾಗಿನಲ್ಲಿ ಕಾಣದ ಹೆಸರು ಅದರ ಹಿತ್ತಿಲಲ್ಲಿ ಒಣಹಾಕಿದ ಬಟ್ಟೆಯಂತೆ ಕಾಣುತ್ತದೆ. ತಪ್ಪಿದ್ದು ಗೊತ್ತಾಗಿ ಪುಟದಿಂದ ಒಂದು ಸಾಲು ಅಳಿಸಿದರೂ ಹಳೆಯ ಪ್ರತಿ ಇತಿಹಾಸದಲ್ಲಿ ಹಾಗೇ ಇರುತ್ತದೆ. ಗಿಟ್ ಇರುವುದೇ ಹಳೆಯದನ್ನು ಕಾಪಾಡಲಿಕ್ಕೆ. ಆದ್ದರಿಂದ ಮೊದಲ ದಿನವೇ ಹೆಸರಿನ ಜಾಗದಲ್ಲಿ ಕಾವ್ಯನಾಮ, ಇಮೇಲಿನ ಜಾಗದಲ್ಲಿ ಗಿಟ್‌ಹಬ್ ತಾನೇ ಕೊಡುವ ‘ನೋ-ರಿಪ್ಲೈ’ ವಿಳಾಸ ತುಂಬಿ. ಈಗಾಗಲೇ ನಿಜ ಹೆಸರು ಹಾಕಿ ಆಗಿದ್ದರೆ ತಿದ್ದಲು ಹೋಗಬೇಡಿ. ಆ ಕೋಶ ಅಳಿಸಿ, ಹೊಸ ಖಾತೆಯಲ್ಲಿ ಹೊಸದಾಗಿ ಶುರು ಮಾಡಿ. ಒಂದೇ ಪುಟ ಇರುವಾಗ ಇದು ಹತ್ತು ನಿಮಿಷದ ಕೆಲಸ.

ಡೊಮೇನ್ ಈಗಲೇ ಬೇಡ. ಹತ್ತು ಬರಹ ಆಗಲಿ. ಪುಕ್ಕಟೆ ಉಪವಿಳಾಸದಲ್ಲಿ ಮೂರು ತಿಂಗಳು ನಡೆಸಿ. ಬರೆಯುವ ಹುಚ್ಚು ಉಳಿದಿದ್ದರೆ ಆಗ ಕೊಳ್ಳಿ. ಕೊಳ್ಳುವ ದಿನ ಮಾಡಬೇಕಾದ ಕೆಲಸ ಒಂದಿದೆ. ಡೊಮೇನ್ ಯಾರದು ಎಂಬ ದಾಖಲೆ ಮೊದಲಿನಿಂದ ಸಾರ್ವಜನಿಕ, ಅದಕ್ಕೆ ಹೂಈಸ್ ಎನ್ನುತ್ತಾರೆ. ನಾನು ಮೊದಲ ಡೊಮೇನ್ ಕೊಂಡ ಕಾಲಕ್ಕೆ ಮನೆಯ ವಿಳಾಸ, ಮೊಬೈಲ್ ನಂಬರ್ ಎರಡೂ ಅದರಲ್ಲಿ ಬಟಾಬಯಲು. ಎರಡನೇ ದಿನದಿಂದ ‘ವೆಬ್‌ಸೈಟ್ ಮಾಡ್ಕೊಡ್ತೀವಿ ಸರ್’ ಎಂದು ಫೋನು, ಬೆಳಿಗ್ಗೆ ಪೂಜೆಗೆ ಕೂತಾಗ, ಮಧ್ಯಾಹ್ನ ಮಲಗಿದಾಗ. ಒಬ್ಬಾತ ಕಾರ್ಡು ಹಿಡಿದು ಮನೆ ಬಾಗಿಲಿಗೇ ಬಂದ. ಪಾಪ, ನಮ್ಮಾಕೆ ಚಹಾ ಕೊಟ್ಟು ಕಳಿಸಿದಳು. 2018ರ ಮೇ ತಿಂಗಳಲ್ಲಿ ಯುರೋಪಿನ ಜಿಡಿಪಿಆರ್ ಎಂಬ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ‘.ಕಾಮ್’ನಂಥ ವಿಳಾಸಗಳಲ್ಲಿ ಈ ವಿವರ ಹೆಚ್ಚಾಗಿ ಮುಚ್ಚಿರುತ್ತದೆ. ಆದರೂ ಕೊಳ್ಳುವ ಮುಂಚೆಯೇ ‘ಪ್ರೈವೆಸಿ’ ಗುಂಡಿ ಚಾಲೂ ಇದೆಯೇ ನೋಡಿ, ಆಮೇಲೆ ಅಲ್ಲ. ಹಳೆಯ ಹೂಈಸ್ ದಾಖಲೆಗಳನ್ನು ಸಂಗ್ರಹಿಸಿಟ್ಟು ಮಾರುವ ವ್ಯಾಪಾರವೇ ಇದೆ. ಒಂದು ದಿನ ತೆರೆದಿದ್ದರೂ ಅವರ ಕಡತಕ್ಕೆ ಸೇರಿತು. ‘.ಇನ್’ ಬೇಕು ಎಂದು ನಿಮಗೆ ಆಸೆ ಇರಬಹುದು. ಅದನ್ನು ನಡೆಸುವ ನಿಕ್ಸಿ ಸಂಸ್ಥೆಯ ನಿಯಮ ಮಧ್ಯವರ್ತಿಯ ಹೆಸರಿನ ಮರೆಯನ್ನು ಒಪ್ಪುವುದಿಲ್ಲ. ಹಾಗಾಗಿ ನಿಮ್ಮ ಉದ್ದೇಶಕ್ಕೆ ‘.ಕಾಮ್’ ವಾಸಿ. ಕನ್ನಡ ಲಿಪಿಯಲ್ಲೇ ‘.ಭಾರತ’ ವಿಳಾಸವೂ ಸಿಗುತ್ತದೆ, ನೋಡಲು ಚೆಂದ; ಆದರೆ ಕೆಲವು ಕಡೆ ಅಂಟಿಸಿದಾಗ ಅದು ರೋಮನ್ ಅಕ್ಷರಗಳ ಅರ್ಥವಿಲ್ಲದ ಸರಪಳಿಯಾಗಿ ಕಾಣಿಸಿಕೊಂಡು ಓದುಗರು ಮೋಸದ ಲಿಂಕೆಂದು ಹೆದರುತ್ತಾರೆ. ಮೊದಲ ವರ್ಷ ನೂರು ರೂಪಾಯಿ ಎಂಬ ಜಾಹೀರಾತು ನೋಡಿ ಮರುಳಾಗಬೇಡಿ, ಎರಡನೇ ವರ್ಷದ ದರ ಕೇಳಿ. ನವೀಕರಿಸುವುದನ್ನು ಮರೆತರೆ ನಿಮ್ಮ ಡೊಮೇನನ್ನು ಬೇರೆಯವರು ಕೊಂಡು, ಅತ್ತೆಯ ಕಡುಬಿನ ವಿಳಾಸದಲ್ಲಿ ಇಸ್ಪೀಟಿನ ಜಾಹೀರಾತು ಹಾಕುತ್ತಾರೆ.

ಓದುಗರದೂ ಖಾಸಗಿತನ ಇದೆ, ಅದನ್ನು ಕಾಯುವುದು ಸೋಮಾರಿಗಳಿಗೆ ಅನುಕೂಲ, ಏಕೆಂದರೆ ಏನೂ ಸೇರಿಸದಿದ್ದರೆ ಸಾಕು. ಎಷ್ಟು ಜನ ಬಂದರು ಎಂದು ಎಣಿಸುವ ಗೂಗಲ್ ಅನಲಿಟಿಕ್ಸ್ ಹಾಕಬೇಡಿ. ಅದರ ಗುರುತಿನ ಸಂಖ್ಯೆ ಪುಟದೊಳಗೇ ಕಾಣುತ್ತದೆ, ಅದೇ ಸಂಖ್ಯೆಯನ್ನು ಬೇರೊಂದು ಸೈಟಿನಲ್ಲಿ ನಿಜ ಹೆಸರಿನೊಂದಿಗೆ ಬಳಸಿದ್ದರೆ ಎರಡನ್ನೂ ತಾಳೆ ಹಾಕಬಹುದು. ಫಾಂಟುಗಳನ್ನು ಗೂಗಲಿನಿಂದ ನೇರ ಎಳೆಯುವ ಬದಲು ಇಳಿಸಿಕೊಂಡು ನಿಮ್ಮ ಪುಟದ ಜೊತೆಗೇ ಇಡಿ. ಹಾಗೆ ಎಳೆದದ್ದಕ್ಕೆ, ಓದುಗನ ಇಂಟರ್‌ನೆಟ್ ಸಂಪರ್ಕದ ಸಂಖ್ಯೆಯಾದ ಐಪಿ ವಿಳಾಸ ಗೂಗಲಿಗೆ ಹೋಯಿತೆಂದು, 2022ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯ ಸೈಟಿನವರಿಂದ 100 ಯೂರೊ ಪರಿಹಾರ ಕೊಡಿಸಿತ್ತು. ಮುಂಬಯಿಯ ಏಕ್ ಟೈಪ್ ತಂಡ ಮಾಡಿದ ‘ಬಲೂ ತಮ್ಮ’ ಎಂಬ ದುಂಡನೆಯ ಕನ್ನಡ ಫಾಂಟು ಪುಕ್ಕಟೆ ಸಿಗುತ್ತದೆ, ತಲೆಬರಹಕ್ಕೆ ಚೆನ್ನಾಗಿರುತ್ತದೆ. ಮೈಬರಹಕ್ಕೆ ನೋಟೊ ಸೆರಿಫ್ ಕನ್ನಡ ಇರಲಿ. ಪ್ರತಿಕ್ರಿಯೆಯ ಪೆಟ್ಟಿಗೆ ಬೇಡ, ಬ್ಲಾಗಿನ ಇಮೇಲ್ ಕೊಟ್ಟರೆ ಸಾಕು.

‘ಗೂಗಲಿಗೆ ಕಾಣದ ಹಾಗೆ ಮಾಡಬಹುದಲ್ಲ’ ಎಂದು ನಿಮ್ಮ ಗುರುಗಳು ಗೂಗಲಿನಂಥವರಿಗೆ ‘ಒಳಗೆ ಬರಬೇಡಿ’ ಎಂದು ಹೇಳುವ ರೋಬಾಟ್ಸ್ ಫೈಲಿನ ಬಗ್ಗೆ ಹೇಳಬಹುದು. ಮಾಡಬಹುದು. ಆದರೆ ಆ ಫೈಲು ಗೋಡೆಯ ಮೇಲಿನ ‘ಇಲ್ಲಿ ಮೂತ್ರ ಮಾಡಬಾರದು’ ಬರಹದ ಹಾಗೆ. ಮರ್ಯಾದಸ್ಥರು ಓದಿ ಮುಂದೆ ಹೋಗುತ್ತಾರೆ. ‘ಲಿಂಕ್ ಇದ್ದವರಿಗೆ ಮಾತ್ರ’ ಎಂಬುದೂ ಬೀಗವಲ್ಲ, ಲಿಂಕನ್ನು ಯಾರು ಬೇಕಾದರೂ ಮುಂದೆ ಕಳಿಸಬಹುದು. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಪುಟಗಳ ಪ್ರತಿ ತೆಗೆದಿಡುತ್ತಿದೆ. ಅದನ್ನಾದರೂ ಕೇಳಿಕೊಂಡು ತೆಗೆಸಬಹುದು, ಸೊಸೈಟಿ ವಾಟ್ಸಾಪ್ ಗುಂಪಿನ ಸ್ಕ್ರೀನ್‌ಶಾಟನ್ನು ತೆಗೆಸಲಾಗುವುದಿಲ್ಲ. ಮನೆಯವರಿಗೆ ಮಾತ್ರ ಎನ್ನುವಂಥದ್ದನ್ನು ಬ್ಲಾಗಿಗೇ ಹಾಕಬೇಡಿ, ಇಮೇಲಿನಲ್ಲಿ ಕಳಿಸಿ.

ಕಾನೂನು ಕಾಯುವುದಿಲ್ಲವೇ ಎಂದರೆ, ಅರ್ಧ ಕಾಯುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು; ಅದಕ್ಕಾಗಿ ಕೋರ್ಟು ಹತ್ತಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ 3ನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆ ಇದೆ, ನಿಮಗೇ ಬರೆದಂತಿದೆ: ತನ್ನ ಅಭಿಪ್ರಾಯಗಳನ್ನು ಬ್ಲಾಗ್ ಮಾಡುತ್ತ ಒಬ್ಬಾಕೆ ತನ್ನ ವೈಯಕ್ತಿಕ ಮಾಹಿತಿಯನ್ನು ತಾನೇ ಸಾರ್ವಜನಿಕವಾಗಿ ಹಾಕಿದರೆ, ಆ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನೀವೇ ಹರಡಿದ್ದನ್ನು ನಾವು ಬಾಚಿಕೊಡುವುದಿಲ್ಲ ಎಂದು ಸಂಸತ್ತೇ ಹೇಳಿದಂತಾಯಿತು. ಇನ್ನೊಂದು ಕಡೆಯಿಂದ, ಕಾವ್ಯನಾಮ ಪೊಲೀಸರ ಮುಂದೆ ಮರೆಯಲ್ಲ. ಮಾನಹಾನಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಗುಪ್ತನಾಮಕ್ಕೂ ಅನ್ವಯಿಸುತ್ತದೆ, ಸೇವೆ ಕೊಟ್ಟ ಕಂಪನಿ ಕಾನೂನಿನ ಆದೇಶ ಬಂದರೆ ನಿಮ್ಮ ವಿವರ ಕೊಡುತ್ತದೆ. ಬ್ಯಾಂಕಿನ ಗ್ರಾಹಕರ ಕಥೆ ಬೇಡವೇ ಬೇಡ, ಹೆಸರು ಬದಲಿಸಿಯೂ ಬೇಡ. ನಿಮ್ಮ ಬ್ಯಾಂಕಿನ ನಡತೆ ನಿಯಮಗಳಲ್ಲಿ ಬರವಣಿಗೆಯ ಬಗ್ಗೆ ಏನಿದೆ ಎಂದು ಒಮ್ಮೆ ಓದಿಕೊಳ್ಳಿ.

ಮಗಳ ವಿಚಾರದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹೆಸರು ಬೇಡ, ಮುಖ ಬೇಡ, ಅವಳು ಅತ್ತದ್ದು, ಹಾಸಿಗೆ ಒದ್ದೆ ಮಾಡಿದ್ದು, ಗಣಿತದಲ್ಲಿ ಕಡಿಮೆ ಅಂಕ ತಂದದ್ದು ಯಾವುದೂ ಬೇಡ. ಇನ್ನು ಏಳೆಂಟು ವರ್ಷಕ್ಕೆ ಅವಳ ಗೆಳತಿಯರು ಓದುತ್ತಾರೆ. ಮಕ್ಕಳು ಹೇಳಿದ ಜಾಣ ಮಾತನ್ನು ಹಾಕದೆ ಇರಲಾಗುವುದಿಲ್ಲ ಎಂದು ಗೊತ್ತು, ನಾನೂ ತಂದೆ. ಆಗ ಆ ಮಾತನ್ನು ಪಕ್ಕದ ಮನೆ ಹುಡುಗನ ಬಾಯಿಗೆ ಹಾಕಿಬಿಡಿ.

ಅತ್ತೆಯ ಪ್ರಶ್ನೆ ಪೆದ್ದು ಪ್ರಶ್ನೆ ಅಲ್ಲ, ಇಡೀ ಪತ್ರದಲ್ಲಿ ಅದೇ ಕಷ್ಟದ್ದು. ಹೇಳಿ. ಕಡುಬು ಅವರದು, ಕಥೆಯೂ ಅವರದು, ಕೇಳದೆ ಹಾಕಿ ಆಮೇಲೆ ಯಾರದೋ ಬಾಯಿಂದ ಅವರಿಗೆ ತಿಳಿದರೆ ಅದನ್ನು ಯಾವ ಸೆಟ್ಟಿಂಗೂ ಸರಿಮಾಡುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಎದುರಿಟ್ಟು ಅವರ ಬಗ್ಗೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ. ‘ಇದೊಂದು ಬೇಡ’ ಎಂದ ಸಾಲನ್ನು ಅಲ್ಲೇ ಕೂತು ತೆಗೆಯಿರಿ. ಆದರೆ ಲಿಂಕ್ ಕೊಡುವುದು ತಡವಾದರೂ ಚಿಂತೆಯಿಲ್ಲ. ನನ್ನ ಅನುಭವದಲ್ಲಿ ಗುಟ್ಟು ಒಡೆಯುವವರು ಶತ್ರುಗಳಲ್ಲ, ಹೆಮ್ಮೆಪಡುವ ಮನೆಯವರು. ‘ನಮ್ಮ ಸೊಸೆ ಬರ್ದದ್ದ್ ಕಾಣಿ’ ಎಂದು ಅತ್ತೆ ಊರಿನ ಗುಂಪಿಗೆ ಒಂದು ಸಲ ಹಾಕಿದರೆ ಈ ಇಡೀ ಉತ್ತರ ವ್ಯರ್ಥ. ಅವರ ಫೋನಿಗೆ ಲಿಂಕ್ ಬೇಡ. ಓದಿ ಹೇಳಿ, ಪ್ರಿಂಟ್ ತೆಗೆದುಕೊಡಿ, ದೊಡ್ಡ ಅಕ್ಷರದಲ್ಲಿ.